ಪರ್ವತಿ ಮೆಟ್ಟಿಲು, ಎರಡು ರೊಟ್ಟಿ: ಒಂಬತ್ತು ತಿಂಗಳ ಲೆಕ್ಕ

ಜೂನ್ ಮೊದಲ ವಾರ. ತೂಕ 78.4 ಕೆಜಿ, ಸೊಂಟ 97 ಸೆಂ.ಮೀ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ 58 ಕೆಜಿ ಇದ್ದೆ. ಈಗ 19 ವರ್ಷವಾಯಿತು. ಈ ಇಪ್ಪತ್ತು ಕೆಜಿ ಒಂದೇ ಸಲ ಬಂದದ್ದಲ್ಲ. ವರ್ಷಕ್ಕೊಂದು ಕೆಜಿಯಂತೆ ಸದ್ದಿಲ್ಲದೆ ಬಂದು ಕೂತಿದೆ. ತಿಂಗಳೊಪ್ಪತ್ತಿನಲ್ಲಿ ಅದನ್ನು ಇಳಿಸುತ್ತೇನೆ ಅಂತ ಹಟ ಹಿಡಿಯುವುದನ್ನು ಈ ಸಲ ಬಿಟ್ಟಿದ್ದೇನೆ.

ಹಟ ಹಿಡಿದು ನೋಡಿಯೂ ಆಗಿದೆ. ಜನವರಿಯಲ್ಲಿ ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಸೂಪು, ರಾತ್ರಿ ಸೌತೆಕಾಯಿ. ಮೊದಲ ವಾರವೇ 2 ಕೆಜಿ ಇಳಿದಾಗ ಕುಣಿದಾಡಿದ್ದೆ. ಆಮೇಲೆ ಓದಿಕೊಂಡೆ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟ ಬಿಟ್ಟರೆ ಮೊದಲು ಖಾಲಿಯಾಗುವುದು ಅದೇ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕಡಿಮೆ ಬೀಳಬೇಕು. ವಾರದಲ್ಲಿ ಎರಡು ಕೆಜಿ ಅಂದರೆ ಬಹುಪಾಲು ನೀರು. ಮಾರ್ಚ್ ಹೊತ್ತಿಗೆ ಇಳಿದ ನಾಲ್ಕು ಕೆಜಿಯೂ ವಾಪಸ್ ಬಂತು, ಜೊತೆಗೆ ಇನ್ನೊಂದು ಕೆಜಿಯೂ ಬಂತು.

ಮತ್ತೆ ಯಾಕೆ ಶುರು ಮಾಡಿದೆ ಅಂದರೆ, ಮೇ ತಿಂಗಳ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.1 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಪ್ಪನಿಗೆ ಆ ಕಾಯಿಲೆ ಇತ್ತು. ಕೊನೆಕೊನೆಗೆ ಅವರ ಕಾಲಿನ ಗಾಯಕ್ಕೆ ದಿನಾ ಪಟ್ಟಿ ಕಟ್ಟುತ್ತಿದ್ದವಳು ನಾನೇ. ನನ್ನ ಮಗನ ಕೈಯಲ್ಲಿ ಆ ಕೆಲಸ ಮಾಡಿಸುವುದು ಬೇಡ.

ಒಂದು ನಿಯಮ ಮಾತ್ರ ಹಾಕಿಕೊಂಡೆ. ಯಾವ ಅಭ್ಯಾಸ ಹಿಡಿದರೂ ಮೊದಲು ಕೇಳಿಕೊಳ್ಳಬೇಕು: ಮನೆಗೆ ನೆಂಟರು ಬಂದ ದಿನ, ಆಫೀಸಲ್ಲಿ ತಿಂಗಳ ಲೆಕ್ಕ ಮುಗಿಸುವ ದಿನ, ಮೈಯಲ್ಲಿ ಹುಷಾರಿಲ್ಲದ ದಿನ, ಅವತ್ತೂ ಇದನ್ನು ಮಾಡಬಲ್ಲೆನಾ? ಆಗಲ್ಲ ಅನ್ನಿಸಿದರೆ ಅದು ಎಷ್ಟೇ ಒಳ್ಳೆಯದಿದ್ದರೂ ನನಗೆ ಬೇಡ.

ಜೂನ್ ಕೊನೆ. 77.3

ಮೊದಲು ಕೈ ಹಾಕಿದ್ದು ಎಣ್ಣೆಗೆ. ಮನೆಯಲ್ಲಿ ಮೂರು ಜನ. ತಿಂಗಳಿಗೆ ಎಷ್ಟು ಎಣ್ಣೆ ಹೋಗುತ್ತದೆ ಅಂತ ಯಾರಾದರೂ ಕೇಳಿದ್ದರೆ ಎರಡೂವರೆ ಲೀಟರ್ ಅನ್ನುತ್ತಿದ್ದೆ. ಡಬ್ಬಿ ಒಡೆದ ದಿನ ಅದರ ಮೇಲೆ ಕಾಗದ ಅಂಟಿಸಿ ದಿನಾಂಕ ಬರೆದೆ. ನಾಲ್ಕು ಲೀಟರ್ ಹೋಗಿತ್ತು! ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 44 ಮಿಲಿ, ತೂಕದಲ್ಲಿ ಸುಮಾರು 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ಊಟಕ್ಕೆ ಎಣ್ಣೆ-ತುಪ್ಪ 27 ಗ್ರಾಂ ಸಾಕು ಅಂತಿದೆ.

ನಾನು ಯಾವ ಅಡುಗೆಯನ್ನೂ ಬಿಡಲಿಲ್ಲ. ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟೆ, ಅಷ್ಟೇ. ಬೆಳಿಗ್ಗೆ ಒಂದು ಸಣ್ಣ ಸ್ಟೀಲ್ ಬಟ್ಟಲಿಗೆ 80 ಮಿಲಿ ಅಳೆದು ಒಲೆಯ ಪಕ್ಕ ಇಡುತ್ತೇನೆ. ಅವತ್ತಿನ ಒಗ್ಗರಣೆ, ಪಲ್ಯ, ದೋಸೆ ಎಲ್ಲ ಅದರಲ್ಲೇ. ಬಟ್ಟಲು ಖಾಲಿಯಾಗುತ್ತಾ ಬಂದ ಹಾಗೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಎಣ್ಣೆಗಾಯಿ ಬದನೆಕಾಯಿ ಮಾಡುವ ದಿನ ಬೇರೆಯದರಲ್ಲಿ ಕಡಿಮೆ ಹಾಕುತ್ತೇನೆ. ಈಗ ತಿಂಗಳಿಗೆ ಎರಡೂವರೆ ಲೀಟರಿನಲ್ಲಿ ಮುಗಿಯುತ್ತಿದೆ. ತಲೆಗೆ ದಿನಕ್ಕೆ 15 ಗ್ರಾಂ ಉಳಿಯಿತು, ಅಂದರೆ 135 ಕ್ಯಾಲರಿ. ಮನೆಯವರಿಗೂ ಮಗನಿಗೂ ರುಚಿಯಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ನೆಂಟರು ಬಂದರೆ ಬಟ್ಟಲು ದೊಡ್ಡದಾಗುತ್ತದೆ, ತಲೆಗಿಷ್ಟು ಅನ್ನುವ ಅಳತೆ ಅದೇ ಇರುತ್ತದೆ. ಹಾಗಾಗಿ ಇದು ನನ್ನ ನಿಯಮದಲ್ಲಿ ಪಾಸು.

ಚಹಾ ಕಷ್ಟ ಕೊಟ್ಟಿತು. ದಿನಕ್ಕೆ ಐದು ಕಪ್, ಕಪ್ಪಿಗೆ ಎರಡು ಚಮಚ. ಹತ್ತು ಚಮಚ ಅಂದರೆ ಹತ್ತಿರ ಹತ್ತಿರ 50 ಗ್ರಾಂ ಸಕ್ಕರೆ. ಒಂದೇ ಸಲ ಬಿಟ್ಟಾಗ ತಲೆನೋವು, ಸಿಡುಕು. ಆಮೇಲೆ ಹದಿನೈದು ದಿನಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದೆ. ಈಗ ಮೂರು ಕಪ್, ಅರ್ಧರ್ಧ ಚಮಚ. ಸ್ವಾರಗೇಟಿನಲ್ಲಿ ಗೆಳತಿಯರ ಜೊತೆ ಅಮೃತತುಲ್ಯ ಚಹಾ ಕುಡಿಯುವ ದಿನ ಅದು ಸಿಹಿಯಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಜುಲೈ. 76.4

ನಮ್ಮ ಮನೆ ಸಹಕಾರನಗರದಲ್ಲಿ, ಪರ್ವತಿ ಗುಡ್ಡದ ಬುಡದಲ್ಲೇ. ಇಷ್ಟು ವರ್ಷ ಊರಿಂದ ಬಂದವರಿಗೆ ತೋರಿಸಲು ಮಾತ್ರ ಹತ್ತುತ್ತಿದ್ದೆ. 1749ರಲ್ಲಿ ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವದೇವೇಶ್ವರನ ಗುಡಿ ಮೇಲಿದೆ. ಮೆಟ್ಟಿಲು ನೂರಕ್ಕಿಂತ ಚೂರು ಜಾಸ್ತಿ. ಅಗಲ, ಎತ್ತರ ಕಡಿಮೆ, ನಡೆದು ನಡೆದು ನುಣುಪಾದ ಕಲ್ಲು. ಬೆಳಿಗ್ಗೆ ಆರಕ್ಕೆ ಹೋದರೆ ಅಲ್ಲಿ ಒಂದು ಸಂಸಾರವೇ ಇದೆ. ಎಪ್ಪತ್ತು ದಾಟಿದ ಅಜ್ಜಿಯರು ಒಂಬತ್ತುವಾರಿ ಸೀರೆಯಲ್ಲಿ ನನ್ನನ್ನು ದಾಟಿ ಹೋಗುತ್ತಾರೆ. ಮೊದಲ ದಿನ ನಾನು ನಾಲ್ಕು ಕಡೆ ನಿಂತೆ. ನಿಂತಾಗ ಅವರಲ್ಲೊಬ್ಬರು ‘ಹಳೂ ಹಳೂ, ಬಾಯೀ’ ಅಂದರು. ನಿಧಾನಕ್ಕೆ ಅಂತ. ಅದೇ ಮಾತು ಹಿಡಿದುಕೊಂಡೆ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ, ವಾರಕ್ಕೆ ಮೂರು ದಿನ.

ಮಳೆಯಲ್ಲಿ ತಪ್ಪು ಮಾಡಿದೆ. ಮೂರು ದಿನ ತಪ್ಪಿಸಬಾರದು ಅನ್ನುವ ಹಟಕ್ಕೆ ತುಂತುರಿನಲ್ಲೇ ಹೋದೆ. ಇಳಿಯುವಾಗ ಪಾಚಿ ಮೇಲೆ ಕಾಲಿಟ್ಟೆ. ಹಿಮ್ಮಡಿ ಹೊರಳಿತು. ಮುರಿದಿರಲಿಲ್ಲ, ಆದರೆ ಮೂರು ವಾರ ಗುಡ್ಡ ಬಂದ್.

ಆ ಮೂರು ವಾರ ಹೋದ ಸಲದ ಹಾಗೆ ಎಲ್ಲವನ್ನೂ ಬಿಟ್ಟುಬಿಡುತ್ತೇನೇನೋ ಅಂತ ನಿಜವಾಗಿ ಹೆದರಿದ್ದೆ. ಎಣ್ಣೆ ಬಟ್ಟಲು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಕಾಲು ಬೇಕಿಲ್ಲ ಅಲ್ವಾ. ತೂಕ ಏರಲಿಲ್ಲ. ವ್ಯಾಯಾಮಕ್ಕೊಂದು ಬದಲಿ ಇರಬೇಕು ಅಂತ ಕಲಿತದ್ದು ಆಗಲೇ. ನೋವು ಇಳಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಶುರು ಮಾಡಿದೆ. ಮೊದಲ ದಿನ ಆರು ಸಲಕ್ಕೆ ತೊಡೆ ನಡುಗಿತು.

ಆಗಸ್ಟ್. 76.5

ಶ್ರಾವಣ. ಪುಣೆಯಲ್ಲಿ ಉಪವಾಸ ಅಂದರೆ ಸಾಬುದಾಣಿ ಖಿಚಡಿ. ‘ಏಕಾದಶಿ, ದುಪ್ಪಟ್ ಖಾಶಿ’ ಅಂತ ಮರಾಠಿಯಲ್ಲೇ ಗಾದೆ ಇದೆ: ಏಕಾದಶಿ ಬಂತು, ದುಪ್ಪಟ್ಟು ತಿಂದೆ. ಸಾಬುದಾಣಿ ಬರೀ ಪಿಷ್ಟ, ಅದಕ್ಕೆ ತುಪ್ಪ, ಶೇಂಗಾ ಪುಡಿ, ಆಲೂಗಡ್ಡೆ. ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲ ಸೇರಿ ತಿಂಗಳಲ್ಲಿ ಏಳು ದಿನ ಇದನ್ನೇ ತಿಂದೆ, ತೂಕ ನೂರು ಗ್ರಾಂ ಏರಿತು. ದೇವರಿಗಾಗಿ ಮಾಡುವುದನ್ನು ಬಿಡುವ ಮನಸ್ಸಿಲ್ಲ. ಕೊನೆಯ ಸೋಮವಾರ ಸಾವೆ ಅಕ್ಕಿ, ಮೊಸರು, ಸೌತೆಕಾಯಿ ಕೋಸಂಬರಿ ಮಾಡಿಕೊಂಡೆ. ಹೊಟ್ಟೆ ತಣ್ಣಗಿತ್ತು, ಸಂಜೆ ಹಸಿವೂ ಆಗಲಿಲ್ಲ.

ಸೆಪ್ಟೆಂಬರ್. 75.7

ಗಣಪತಿ. ಮೋದಕ ತಿಂದೆ. ಗಣಪತಿ ನೋಡಲು ಊರೆಲ್ಲ ನಡೆದೆ. ಬರೆಯಲು ಬೇರೇನೂ ಇಲ್ಲ.

ಅಕ್ಟೋಬರ್. 74.4

ರೊಟ್ಟಿ ವಿಷಯ ಬರೆಯಬೇಕು. ನಮ್ಮ ಕಡೆಯವರೆಲ್ಲ ಹೇಳುವುದು ಒಂದೇ: ಜೋಳದ ರೊಟ್ಟಿ ಎಷ್ಟು ತಿಂದರೂ ದಪ್ಪ ಆಗಲ್ಲ. ನಾನೂ ನಂಬಿದ್ದೆ. ಜೋಳದ ಹಿಟ್ಟಿಗೂ ಗೋಧಿ ಹಿಟ್ಟಿಗೂ ಕ್ಯಾಲರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಎರಡೂ 100 ಗ್ರಾಮಿಗೆ 330-350ರ ಆಸುಪಾಸು. ನನ್ನ ರೊಟ್ಟಿಯ ಹಿಟ್ಟು ತೂಗಿದೆ: 60 ಗ್ರಾಂ. ಒಂದು ರೊಟ್ಟಿಗೆ 200 ಕ್ಯಾಲರಿ. ನಾಲ್ಕು ತಿಂದು ಮೇಲೆ ಅನ್ನ ಸಾರು ಉಣ್ಣುತ್ತಿದ್ದೆ.

ಹಾಗಂತ ರೊಟ್ಟಿ ಬಿಡಲಿಲ್ಲ. ರೊಟ್ಟಿಗೆ ಎಣ್ಣೆ ಬೇಡ. ಅಗಿದು ತಿನ್ನಬೇಕು, ಹೊತ್ತು ಹಿಡಿಯುತ್ತದೆ. ಇನ್ನೊಂದು, ಅದನ್ನು ತಟ್ಟಬೇಕು. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಿ, ಒಂದೊಂದೇ ಉಂಡೆ ಮಾಡಿ ತಟ್ಟಿ, ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವಿ, ಉಬ್ಬಿದ ಮೇಲೆ ತೆಗೆಯುವ ಹೊತ್ತಿಗೆ ಭುಜಕ್ಕೂ ಕೆಲಸ ಆಗಿರುತ್ತದೆ. ನನಗೆ ಇನ್ನೆರಡು ಬೇಕು ಅಂದರೆ ಇನ್ನೆರಡು ತಟ್ಟಬೇಕು. ಈಗ ತಟ್ಟುವುದೇ ಎರಡು. ಉಳಿದ ಜಾಗಕ್ಕೆ ಪಲ್ಯ. ಮೆಂತ್ಯ ಸೊಪ್ಪು ಹಸಿದೇ, ಈರುಳ್ಳಿ, ಮೂಲಂಗಿ ಹಾಕಿದ ಪಚಡಿ, ಚಮಚದಷ್ಟು ಅಗಸಿ ಹಿಂಡಿ (ಚಟ್ನಿಪುಡಿ), ಮೊಸರು. ಆ ಮಾರ್ಗಸೂಚಿಯ ತಟ್ಟೆಯಲ್ಲೂ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ನಮ್ಮ ಅವ್ವ ಹೊಲಕ್ಕೆ ಕಟ್ಟಿಕೊಡುತ್ತಿದ್ದ ಬುತ್ತಿ ಬಹುಮಟ್ಟಿಗೆ ಹೀಗೇ ಇತ್ತು.

ಬೇಳೆಕಾಳಿನಲ್ಲಿ ಹಿಂದೆ ಇದ್ದೆ. ದಿನಕ್ಕೆ 85 ಗ್ರಾಂ ಅಂತಾರೆ, ನಮ್ಮ ತೆಳ್ಳನೆಯ ಸಾರಿನಲ್ಲಿ ಒಬ್ಬರ ಪಾಲಿಗೆ 25 ಗ್ರಾಂ ಬೇಳೆಯೂ ಬೀಳುತ್ತಿರಲಿಲ್ಲ. ತೂಕ ಇಳಿಸುವಾಗ ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಪುಣೆಯ ಸುಖ ಏನೆಂದರೆ ಮೊಳಕೆ ಬರಿಸಿದ ಮಟಕಿ ತರಕಾರಿ ಅಂಗಡಿಯಲ್ಲೇ ರೆಡಿ ಸಿಗುತ್ತದೆ. ನಮ್ಮ ಮಡಕಿ ಕಾಳೇ ಅದು. ಮಿಸಳ್ ಬದಲು ಬರೀ ಉಸಳ್, ಅಂದರೆ ಕಾಳಿನ ಪಲ್ಯ, ಮಾಡುತ್ತೇನೆ. ಮಿಸಳ್ ಮೇಲೆ ತೇಲುವ ಖಾರದ ಎಣ್ಣೆ ತರ್ರಿ ಇಲ್ಲ, ಫರಸಾಣ (ಸೇವು-ಖಾರ) ಒಂದು ಚಿಟಿಕೆ.

ನವೆಂಬರ್. ದೀಪಾವಳಿ ಮುಗಿದ ಮೇಲೆ 75.2, ತಿಂಗಳ ಕೊನೆಗೆ 74.0

ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಯಿಂದ ಫರಾಳದ ತಟ್ಟೆ ಬರುತ್ತದೆ. ಚಕ್ಕುಲಿ, ಶಂಕರಪಾಳಿ, ಕರಂಜಿ, ಅವಲಕ್ಕಿ ಚೂಡಾ. ತಟ್ಟೆ ಖಾಲಿ ಕಳಿಸುವ ಹಾಗಿಲ್ಲ, ನಾನೂ ಕರಿಯಬೇಕು. ಹೋದ ವರ್ಷದವರೆಗೆ ಡಬ್ಬಿಗಳು ಊಟದ ಮೇಜಿನ ಮೇಲೇ ಇರುತ್ತಿದ್ದವು, ಹೋಗ್ತಾ ಬರ್ತಾ ಕೈ ಹಾಕುತ್ತಿದ್ದೆ. ಈ ಸಲ ಡಬ್ಬಿ ಎತ್ತರದ ಕಪಾಟಿಗೆ ಹೋಯಿತು. ಸಂಜೆ ನಾಲ್ಕಕ್ಕೆ ಚಹಾ ಜೊತೆ ಒಂದು ಸಣ್ಣ ತಟ್ಟೆ, ಕೂತು, ಬೇಕಾದ್ದನ್ನು ಆರಿಸಿಕೊಂಡು ತಿಂದೆ. ರುಚಿಯೂ ಜಾಸ್ತಿ ಸಿಕ್ಕಿತು.

ಆದರೂ 800 ಗ್ರಾಂ ಏರಿತು. ಮೊದಲಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದೆ. ಉಪ್ಪು, ಸಿಹಿ ಜಾಸ್ತಿಯಾದರೆ ದೇಹ ನೀರು ಹಿಡಿದಿಡುತ್ತದೆ ಅಂತ ಈಗ ಗೊತ್ತಿದೆ. ಮರುದಿನದಿಂದ ಮಾಮೂಲಿ ಎರಡು ರೊಟ್ಟಿ, ಎಣ್ಣೆ ಬಟ್ಟಲು. ಶಿಕ್ಷೆಯ ಉಪವಾಸ ಇಲ್ಲ. ಎರಡು ವಾರದಲ್ಲಿ ಅದು ಹೋಯಿತು.

ಡಿಸೆಂಬರ್, ಜನವರಿ. 73.1, ಆಮೇಲೆ 72.2

ಚಳಿ. ಬೆಳಿಗ್ಗೆ ಆರಕ್ಕೆ ಏಳುವುದು ಆಗಲಿಲ್ಲ, ಗುಡ್ಡವನ್ನು ಸಂಜೆಗೆ ಹಾಕಿಕೊಂಡೆ. ಆದರೆ ಸಂಜೆ ಇಳಿದರೆ ಎದುರಿಗೇ ಸಾರಸಬಾಗ್ ಉದ್ಯಾನ, ಅಲ್ಲಿನ ಪಾವ್‌ಭಾಜಿ ವಾಸನೆ. ಮೊದಲ ವಾರ ಮೂರು ಸಲ ತಿಂದೆ. ಹಸಿದುಕೊಂಡು ಗುಡ್ಡ ಹತ್ತಿದರೆ ಹೀಗೇ ಆಗುವುದು. ಹೊರಡುವ ಮುಂಚೆ ಒಂದು ಮುಷ್ಟಿ ಹುರಿಗಡಲೆ, ಒಂದು ಬಾಳೆಹಣ್ಣು ತಿನ್ನಲು ಶುರು ಮಾಡಿದ ಮೇಲೆ ಸರಿಹೋಯಿತು. ಪಾವ್‌ಭಾಜಿ ಈಗ ತಿಂಗಳಿಗೊಮ್ಮೆ, ಮನೆಯವರೆಲ್ಲ ಸೇರಿ.

ಕುರ್ಚಿಯಿಂದ ಏಳುವುದು ಹದಿನೈದರ ಎರಡು ಸುತ್ತಿಗೆ ಬಂದಿದೆ. ಗೋಡೆಗೆ ಕೈ ಕೊಟ್ಟು ದಂಡ ಹತ್ತು. 5 ಲೀಟರಿನ ನೀರಿನ ಕ್ಯಾನ್ ಎತ್ತುವುದು ಹತ್ತು. ಎಲ್ಲ ಸೇರಿ ಹನ್ನೆರಡು ನಿಮಿಷ, ವಾರಕ್ಕೆ ಎರಡು ಸಲ. ರಾತ್ರಿ ಊಟ ಆದ ಮೇಲೆ ಕಾಂಪೌಂಡಿನಲ್ಲಿ ಕಾಲು ಗಂಟೆ ಅಡ್ಡಾಡುತ್ತೇನೆ. ಊಟದ ಬೆನ್ನಿಗೆ ನಡೆದರೆ ರಕ್ತದಲ್ಲಿ ಸಕ್ಕರೆ ಅಷ್ಟು ಏರುವುದಿಲ್ಲ, ನನ್ನಂಥವರಿಗೆ ಅದು ಮುಖ್ಯ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಗುಡ್ಡ, ಅಡ್ಡಾಟ ಸೇರಿ ಆರಾಮಾಗಿ ಆಗುತ್ತದೆ.

ಫೆಬ್ರವರಿ ಕೊನೆ. 71.2, ಸೊಂಟ 88

ಒಂಬತ್ತು ತಿಂಗಳಿಗೆ 7.2 ಕೆಜಿ. ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ 200 ಕ್ಯಾಲರಿ ಕಡಿಮೆ ಬಿದ್ದಿದೆ, ಅಷ್ಟೇ. ಒಂದು ರೊಟ್ಟಿಯಷ್ಟು. ಎಚ್‌ಬಿಎ1ಸಿ 5.7ಕ್ಕೆ ಬಂದಿದೆ. ಹೊಸ್ತಿಲ ಮೇಲೇ ಇದ್ದೇನೆ, ಆದರೆ ಹೊರಗಿನ ಅಂಚಿನಲ್ಲಿ. ರಿಪೋರ್ಟ್ ನೋಡಿದ ರಾತ್ರಿ ಅಪ್ಪನ ಫೋಟೋ ಮುಂದೆ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂ.ಮೀ. ಒಳಗಿರಬೇಕು ಅಂತಾರೆ, ಇನ್ನೂ ಎಂಟು ಬಾಕಿ. ಬೇಳೆಕಾಳು 60 ಗ್ರಾಮಿಗೆ ಮುಟ್ಟಿದೆ, 85 ಆಗಿಲ್ಲ. ತಿಂಗಳ ಕೊನೆಯ ಲೆಕ್ಕದ ವಾರ ನಿದ್ದೆ ಐದು ಗಂಟೆಗೆ ಇಳಿಯುತ್ತದೆ, ಆ ವಾರ ಸಿಹಿ ಬೇಕೇ ಬೇಕು ಅನ್ನಿಸುತ್ತದೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಹೋದ ಭಾನುವಾರ ಊರ ಹೊರಗೆ ಒಂದು ಹೊಲಕ್ಕೆ ಸೀತನಿ ತಿನ್ನಲು ಹೋಗಿದ್ದೆವು. ಇಲ್ಲಿ ಹುರಡಾ ಅಂತಾರೆ. ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆ, ಅಂಗೈಯಲ್ಲಿ ಉಜ್ಜಿ ಊದಿ, ಶೇಂಗಾ ಹಿಂಡಿ ಜೊತೆ ಹೊಟ್ಟೆ ತುಂಬ ತಿಂದೆ. ಯಾವುದನ್ನೂ ತೂಗಲಿಲ್ಲ. ಮರುದಿನ ಸೋಮವಾರ ಪರ್ವತಿಗೆ ಹೋದೆ, ಎಲ್ಲೂ ನಿಲ್ಲದೆ ಮೇಲಕ್ಕೆ ಮುಟ್ಟಿದೆ. ‘ಹಳೂ ಹಳೂ’ ಅಂದಿದ್ದ ಅಜ್ಜಿ ಗುಡಿ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕಕ್ಕೆ ಸರಿದು ಜಾಗ ಕೊಟ್ಟರು.