ಗನ್ ಇನ್ನೂ ನಡೀತಿತ್ತು

ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಒಂದು ಬ್ಯಾಂಕಿನಲ್ಲಿ ನಾನೀಗ ಗನ್‌ಮ್ಯಾನ್. ಮೊದಲು ಸೈನ್ಯದಲ್ಲಿ ಟಿ-72 ಟ್ಯಾಂಕಿನ ಗನ್ನರ್ ಆಗಿದ್ದೆ. ಡಿಸೆಂಬರ್ 16 ಬಂತೆಂದರೆ ಎಲ್ಲರ ಮೊಬೈಲಿನಲ್ಲೂ ಅರುಣ್ ಖೇತ್ರಪಾಲ್ ಫೋಟೊ. ನಮ್ಮ ಹೊಸ ಕ್ಲರ್ಕ್ ಹುಡುಗ ಅದನ್ನು ತೋರಿಸಿ ಕೇಳಿದ, "ಕಾಕಾ, ಟ್ಯಾಂಕ್ ಬಿಟ್ಟ ಬಾ ಅಂತ ಆರ್ಡರ್ ಕೊಟ್ಟಿದ್ರಂತ. ಇಂವ ಯಾಕ ಬರ್ಲಿಲ್ರೀ?"

ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು.

ಖೇತ್ರಪಾಲ್ 17 ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್. ವಯಸ್ಸು 21. ಅಧಿಕಾರಿಯಾಗಿ ಆರು ತಿಂಗಳಾಗಿತ್ತು ಅಷ್ಟೇ. 1971ರ ಯುದ್ಧದಲ್ಲಿ, ಇದೇ ಡಿಸೆಂಬರ್ 16ರಂದು, ಬಸಂತರ್ ನದಿಯಾಚೆ, ಜರ್ಪಾಲ್ ಹತ್ತಿರ, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದವು. ಎದುರಿಗೆ ನಮ್ಮವು ಮೂರೇ. ಅದರಲ್ಲಿ ಒಂದಕ್ಕೆ ಏಟು ಬಿತ್ತು, ಇನ್ನೊಂದರ ಗನ್ ಕೈಕೊಟ್ಟಿತು. ಉಳಿದದ್ದು ಇವನ ಟ್ಯಾಂಕ್ ಒಂದೇ, ಅದರ ಹೆಸರು ಫಮಗುಸ್ತಾ. ಅದಕ್ಕೂ ಬೆಂಕಿ ಹತ್ತಿತ್ತು. ನಮ್ಮ ಟಿ-72 ಡೀಸೆಲ್. ಇವನ ಸೆಂಚುರಿಯನ್ ಟ್ಯಾಂಕ್ ಪೆಟ್ರೋಲ್ ಗಾಡಿ. ಬೆಂಕಿ ಅಂದರೆ ಒಳಗಿನ ನಾಲ್ವರಿಗೂ ಜೀವ ಬಾಯಿಗೆ ಬರುತ್ತದೆ.

ಆಗ ಅವನು ವೈರ್‌ಲೆಸ್‌ನಲ್ಲಿ ಅಂದದ್ದು, ಟ್ಯಾಂಕ್ ಬಿಡೋದಿಲ್ಲ ಸರ್, ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ ಅಂತ. ಇದನ್ನು ಸಿನಿಮಾ ಡೈಲಾಗ್ ಥರ ಓದುತ್ತಾರೆ. ನನಗೆ ಮಾತ್ರ ಅದು ರಿಪೋರ್ಟ್ ಥರ ಕೇಳುತ್ತದೆ. ಏಟು ತಿಂದ ಟ್ಯಾಂಕಿನವರು ಮೊದಲು ನೋಡುವುದೇ ಅದು: ಗಾಡಿ ಓಡುತ್ತದಾ, ಗನ್ ಹಾರುತ್ತದಾ? ಗನ್ ಇದ್ದರೆ ಆ ಟ್ಯಾಂಕ್ ಇನ್ನೂ ಸತ್ತಿಲ್ಲ. ಅವನು ಹಿಂದೆ ಸರಿದಿದ್ದರೆ ಆ ಜಾಗದಲ್ಲಿ ಅಡ್ಡ ನಿಲ್ಲುವವರೇ ಇರಲಿಲ್ಲ. ಆ ಕಾಳಗದಲ್ಲಿ ವೈರಿಯ ಹತ್ತು ಟ್ಯಾಂಕ್ ಹೋದವು, ನಾಲ್ಕು ಇವನೊಬ್ಬನದೇ. ಕೊನೆಯದು ಬರೀ 100 ಮೀಟರ್ ದೂರದಲ್ಲಿತ್ತು. 100 ಮೀಟರ್ ಅಂದರೆ ದೂರದರ್ಶಕದ ತುಂಬಾ ಟ್ಯಾಂಕೇ, ಗುರಿ ಹಿಡಿಯುವ ಮಾತೇ ಇಲ್ಲ. ಯಾರು ಮೊದಲು ಒತ್ತುತ್ತಾರೋ ಅವರು. ಆಮೇಲೆ ಇವನಿಗೂ ಗುಂಡು ಬಿತ್ತು. ಪರಮವೀರ ಚಕ್ರ ಮನೆಗೆ ಬಂತು.

ಅವರಪ್ಪನೂ ಸೈನ್ಯದವರು, ಬ್ರಿಗೇಡಿಯರ್. 2001ರಲ್ಲಿ ಹುಟ್ಟೂರು ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಮನೆಯಲ್ಲಿ ಉಳಿಸಿಕೊಂಡವರು ಅಲ್ಲಿನ ಒಬ್ಬ ಬ್ರಿಗೇಡಿಯರ್. ಭಾರಿ ಉಪಚಾರ. ಹೊರಡುವ ಹಿಂದಿನ ರಾತ್ರಿ ಅವರೇ ಬಾಯಿಬಿಟ್ಟರು: ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದಲೇ. ಆ ರಾತ್ರಿ ಮುದುಕಪ್ಪನಿಗೆ ನಿದ್ದೆ ಹೇಗೆ ಬಂದೀತು, ನೀವೇ ಹೇಳಿ.

ಹುಡುಗನ ಮನೆಯವರು ಶಿರಡಿಗೆ ಹೊರಟಿದ್ದಾರಂತೆ. ದಾರಿಯಲ್ಲೇ ಅಹಿಲ್ಯಾನಗರ (ಮೊದಲಿನ ಅಹ್ಮದ್‌ನಗರ) ಸಿಗುತ್ತದೆ, ಅಲ್ಲಿ ಟ್ಯಾಂಕ್ ಮ್ಯೂಸಿಯಂ ಇದೆ, ಒಂದು ತಾಸು ಇಳಿ ಅಂದಿದ್ದೇನೆ.