ಉಂಬಳಕ್ಕೆ ಮೊದಲೇ ಗೊತ್ತಿತ್ತು

ಆಗಸ್ಟ್ ತಿಂಗಳಲ್ಲಿ ಆಗುಂಬೆ ಕಡೆ ಹೊರಟಿದ್ದೇವೆ ಅಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಉಪ್ಪು ತಗೊಂಡು ಹೋಗು." ತಗೊಂಡು ಹೋಗಲಿಲ್ಲ. ಅದರ ಕಥೆ ಆಮೇಲೆ.

ನಾನು, ಒಂಬತ್ತು ವರ್ಷದ ಮಗ, ಒಂದು ಹಳೇ ಕಾರು. ಶಿವಮೊಗ್ಗ ಬಿಟ್ಟು ಅರ್ಧ ಗಂಟೆಗೆಲ್ಲ ಸಕ್ರೆಬೈಲಿನ ಆನೆ ಬಿಡಾರ. ಆನೆಗಳ ಸ್ನಾನದ ಹೊತ್ತು. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ಹೆಣ್ಣಾನೆ ಮಗ್ಗುಲಾಗಿ ಮಲಗಿತ್ತು. ಮಾವುತ ಅದರ ಪಕ್ಕೆಯ ಮೇಲೆ ಕೂತು ಉಜ್ಜುತ್ತಿದ್ದ. ಆನೆ ಕಣ್ಣು ಮುಚ್ಚಿತ್ತು, ಸೊಂಡಿಲ ತುದಿ ಮಾತ್ರ ನೀರಿನ ಮೇಲೆ. ಇದ್ದಕ್ಕಿದ್ದಂತೆ ಆ ತುದಿ ಎದ್ದು ದಂಡೆ ಕಡೆ ತಿರುಗಿತು. "ಬೆಲ್ಲದ ವಾಸನೆ ಹತ್ತಿತು ನೋಡಿ ಇವಳಿಗೆ" ಅಂದ ಮಾವುತ. ನಮಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗ ಹುಲ್ಲಿನಲ್ಲಿ ಭತ್ತ, ಬೆಲ್ಲ ಸುತ್ತಿದ ಕಟ್ಟುಗಳನ್ನು ಹೊತ್ತು ಶೆಡ್ಡಿನ ಹಿಂದಿನಿಂದ ಬಂದ.

ದಂಡೆಯ ಮೇಲೆ ನಿಂತಿದ್ದ ಇನ್ನೊಂದು ಆನೆಯ ಹತ್ತಿರ ಹೋದಾಗ ಎದೆಯಲ್ಲಿ ಏನೋ ಅದುರಿದ ಹಾಗಾಯಿತು. ನನ್ನ ಭ್ರಮೆಯೂ ಇರಬಹುದು. ಆದರೆ 1984ರಲ್ಲಿ ಪ್ರಾಣಿಗಳ ದನಿ ಅಧ್ಯಯನ ಮಾಡುವ ಕೇಟಿ ಪೇನ್ ಎಂಬಾಕೆಗೆ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಪಕ್ಕ ಕೂತಾಗ ಹೀಗೇ ಗಾಳಿ ಅದುರಿದಂತೆ ಅನ್ನಿಸಿತಂತೆ. ರೆಕಾರ್ಡ್ ಮಾಡಿ ನೋಡಿದರೆ ಆನೆಗಳು ಮಾತಾಡುತ್ತಿದ್ದವು, ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲಿ. ದೇವಸ್ಥಾನದ ದೊಡ್ಡ ನಗಾರಿ ಪಕ್ಕ ನಿಂತರೆ ಸದ್ದು ಕಿವಿಗಿಂತ ಹೊಟ್ಟೆಗೆ ಜಾಸ್ತಿ ಗೊತ್ತಾಗುತ್ತದಲ್ವಾ, ಅದಕ್ಕಿಂತಲೂ ಕೆಳಗಿನ ಸದ್ದು. ಇಂಥ ದನಿ ಮರಗಿಡಗಳ ನಡುವೆಯೂ ಬಹಳ ದೂರ ಹೋಗುತ್ತದೆ. ಇಲ್ಲಿನ ಆನೆಗಳನ್ನು ರಾತ್ರಿ ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತ, ಕಾವಾಡಿಗಳು ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ರಾತ್ರಿಯೆಲ್ಲ ಕಾಡಾನೆಗಳ ಜೊತೆ ಏನೇನು ಮಾತಾಯಿತೋ!

ಮಂಡಗದ್ದೆಯಲ್ಲಿ ಹತ್ತೇ ನಿಮಿಷ ನಿಂತೆವು. ತುಂಗೆ ತುಂಬಿ ಹರಿಯುತ್ತಿತ್ತು. ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ. ನೀರುಕಾಗೆಯೊಂದು ಮಳೆಯಲ್ಲೇ ರೆಕ್ಕೆ ಹರಡಿಕೊಂಡು ಕೂತಿತ್ತು, ಒಣಗಿಸಿಕೊಳ್ಳಲು. ಮಗ ನಕ್ಕ. ಅದರ ಪುಕ್ಕ ಸುಲಭವಾಗಿ ನೆನೆಯುವಂಥದ್ದು, ಅದರಿಂದಲೇ ಮುಳುಗುವುದು ಹಗುರ. ಒಣಗಿಸಿಕೊಳ್ಳುವ ಕಷ್ಟ ಆಮೇಲಿನದು.

ತೀರ್ಥಹಳ್ಳಿಯಲ್ಲಿ ಊಟ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗದಲ್ಲಿ ಬರೀ ಮಂಜು. ಇದೇ ಊರಿನಲ್ಲಿ 2005ರಲ್ಲಿ ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ್ದು. ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ರೇಡಿಯೊ ಇಟ್ಟು ಅವು ಎಲ್ಲೆಲ್ಲಿ ಓಡಾಡುತ್ತವೆ ಎಂದು ಇಲ್ಲಿ ಹಿಂಬಾಲಿಸಿದ್ದಾರೆ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಎಂದು ತೀರ್ಮಾನವಾದಾಗ ವಿಜ್ಞಾನಿಗಳು ಅದಕ್ಕೆ ನಮ್ಮ ಮಾತಿನ ಹೆಸರನ್ನೇ ಕೊಟ್ಟರು: ಓಫಿಯೋಫೇಗಸ್ ಕಾಳಿಂಗ. ನಮಗೆ ಅದು ಕಾಣಲಿಲ್ಲ. ನಾವು ಅದಕ್ಕೆ ಕಂಡೆವೋ ಏನೋ.

ಅಕ್ಕನ ಮನೆ ಅಲ್ಲಿಂದ ಮುಂದೆ, ಅಡಿಕೆ ತೋಟದ ಮೇಲ್ಗಡೆ. ಕಾಫಿ ಕುಡಿದು ಭಾವನ ಜೊತೆ ತೋಟಕ್ಕಿಳಿದೆವು. ಭಾವನ ಕೈಯಲ್ಲಿ ಒಂದು ಕೋಲು, ಅದರ ತುದಿಗೆ ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟು. ನಾಲ್ಕು ಹೆಜ್ಜೆ ಹಾಕಿದ್ದೇ ತಡ, ನನ್ನ ಪಾದದ ಮೇಲೆ ಮೂರು ಉಂಬಳ, ರಕ್ತ ಹೀರುವ ನೆಲದ ಜಿಗಣೆ.

"ಇಲ್ಲಿ ನೋಡು ಪುಟ್ಟ" ಎಂದು ಭಾವ ದಾರಿ ಬದಿಯ ಎಲೆಯೊಂದನ್ನು ತೋರಿಸಿದರು. ಎಲೆಯ ತುದಿಯಲ್ಲಿ ಕಡ್ಡಿಯಷ್ಟು ದಪ್ಪದ ಒಂದು ಉಂಬಳ. ಬಾಲದ ಕಡೆ ಅಂಟಿಕೊಂಡು ನೆಟ್ಟಗೆ ನಿಂತಿತ್ತು, ಅಲ್ಲಾಡದೆ. "ಈಗ ಉಸಿರು ಬಿಡು. ಮೆತ್ತಗೆ, ಕನ್ನಡಿ ಮೇಲೆ ಬಿಡ್ತೀಯಲ್ಲ, ಹಾಗೆ." ಮಗ ಹಾ... ಎಂದ. ಉಂಬಳಕ್ಕೆ ಜೀವ ಬಂತು. ಮೈ ಉದ್ದ ಮಾಡಿ, ನೂಲಿನಷ್ಟು ತೆಳ್ಳಗಾಗಿ, ಗಾಳಿಯಲ್ಲಿ ತಡಕಾಡತೊಡಗಿತು. ಮಗ ಎಡಕ್ಕೆ ಸರಿದು ಊದಿದ. ಅದೂ ಎಡಕ್ಕೆ ಬಾಗಿತು. ಬಲಕ್ಕೆ ಬಂದ. ಅದೂ ಬಂತು. ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್, ಮೈಯ ಬಿಸಿ, ಹೆಜ್ಜೆಯ ಅದುರು, ಇಷ್ಟು ಸಾಕು ಅದಕ್ಕೆ. ಆಮೇಲೆ ಮುಂದಿನ ಬಾಯಿ ಊರಿ, ಹಿಂದಿನ ಬಾಲ ಎಳೆದುಕೊಂಡು, ಗೇಣು ಹಾಕಿ ಅಳೆದ ಹಾಗೆ ಎಲೆಯ ಅಂಚಿಗೆ ನಡೆದು ಬಂದು ಮತ್ತೆ ಎದ್ದು ನಿಂತಿತು.

"ನಾವು ಗೇಟು ದಾಟಿದಾಗಲೇ ಇವಕ್ಕೆಲ್ಲ ಗೊತ್ತಾಗಿದೆ ಮಾರಾಯ" ಅಂದರು ಭಾವ, ನನ್ನ ಕಾಲಿಗೆ ಗಂಟು ತಾಗಿಸುತ್ತ. ಮೂರೂ ಉದುರಿದವು. ರಕ್ತ ಮಾತ್ರ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವುದನ್ನೂ ಅವು ಕಚ್ಚುವಾಗಲೇ ಸೇರಿಸಿರುತ್ತವೆ. ಉಪ್ಪಿನ ವಿಷಯ ನಾನು ಎತ್ತಲಿಲ್ಲ.

ವಾಪಸು ಬರುವಾಗ ಭಾವ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಆರೇಳು ಅಡಿ ಆಚೆ, ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ, ಪಾಚಿ ಬಣ್ಣದ ಒಂದು ಗುಳಿಮಂಡಲ ಹಾವು. "ಮೂರು ದಿನದಿಂದ ಇಲ್ಲೇ ಇದೆ. ಆಳುಗಳಿಗೂ ಹೇಳಿದ್ದೀನಿ, ಆ ಕಡೆ ಕೈ ಹಾಕಬೇಡಿ ಅಂತ." ಕಣ್ಣಿಗೂ ಮೂಗಿಗೂ ನಡುವೆ ಒಂದೊಂದು ಗುಳಿ, ಅದಕ್ಕೇ ಆ ಹೆಸರು. ಆ ಗುಳಿಯೊಳಗಿನ ತೆಳು ಪೊರೆ ಒಂದು ಡಿಗ್ರಿಯ ನೂರನೇ ಪಾಲಿಗಿಂತ ಕಡಿಮೆ ಬಿಸಿ ಹೆಚ್ಚಾದರೂ ಪತ್ತೆ ಮಾಡುತ್ತದೆ. ಕತ್ತಲಲ್ಲಿ ಒಂದು ಇಲಿ ಹಾದರೂ ಸಾಕು. ಅಂದ ಮೇಲೆ ಆ ತಣ್ಣನೆಯ ಮಳೆಯಲ್ಲಿ ನಿಂತಿದ್ದ ನಾವು ಮೂವರು ಅದಕ್ಕೆ ಹೊತ್ತಿಸಿಟ್ಟ ಮೂರು ಒಲೆಗಳ ಹಾಗೆ ಇದ್ದಿರಬೇಕು. ಆದರೂ ಅದು ಅಲ್ಲಾಡಲಿಲ್ಲ. ಒಲೆಗಳು ಇಲಿಗಿಂತ ತೀರಾ ದೊಡ್ಡವಿದ್ದವು.

ಮಾರನೆಯ ಬೆಳಿಗ್ಗೆ ಅಕ್ಕ ಪತ್ರೊಡೆ ಬೇಯಿಸುತ್ತಿದ್ದಳು. ಅದು ಆಗುವವರೆಗೆ ತೋಟದ ಕೆರೆಗೆ ಹೋದೆವು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮುಷ್ಟಿಗಾತ್ರದ ಬಿಳಿ ನೊರೆ. ಯಾರೋ ಸೋಪಿನ ನೊರೆ ಎಸೆದಿದ್ದಾರೆ ಅಂದುಕೊಂಡೆ. ಅದು ಹಾರುವ ಕಪ್ಪೆಯ ಗೂಡು. ಮೈಯೆಲ್ಲ ಹಸಿರು, ಬೆರಳುಗಳ ನಡುವೆ ಕೆಂಪು ಪೊರೆ ಇರುವ ಕಪ್ಪೆ. ಎತ್ತರದ ಕೊಂಬೆಯಿಂದ ಹಾರಿ, ಆ ಪೊರೆಗಳನ್ನು ಕೊಡೆಯಂತೆ ಹರಡಿ ಹತ್ತಿಪ್ಪತ್ತು ಅಡಿ ಆಚೆ ತೇಲಿ ಇಳಿಯುತ್ತದೆ. ಮೊಟ್ಟೆ ಇಡುವುದು ಮಾತ್ರ ನೀರಿಗೆ ನೇರ ಮೇಲೆ, ಮರಿ ಬಿದ್ದರೆ ನೀರಿಗೇ ಬೀಳಬೇಕು.

ನಾವು ಕೂತು ಕಾದೆವು. ಮಳೆ ಜೋರಾಯಿತು. ನೊರೆಯ ತಳ ಕರಗಿ ತೆಳ್ಳಗಾಗಿ, ಒಳಗೆ ಕಪ್ಪು ಚುಕ್ಕಿಗಳು ಹೊರಳಾಡುವುದು ಕಾಣಿಸಿತು. ಒಂದು ಹನಿ ಉದ್ದವಾಗಿ ಇಳಿಬಿತ್ತು. ಅದರೊಳಗೊಂದು ಗೊದಮೊಟ್ಟೆ.

"ಬಿತ್ತು!" ಅಂದ ಮಗ.

ಅದೆದ್ದಿಸಿದ ಅಲೆ ದಂಡೆ ಮುಟ್ಟುವ ಮೊದಲೇ, ಕೆರೆಯ ಆಚೆ ಕಡೆಯ ಕೆಸುವಿನ ಬುಡದಲ್ಲಿ ಒಂದು ಮೀನು ಸರಕ್ಕನೆ ಇತ್ತ ತಿರುಗಿತು.