ತೆರೆಯ ಮೇಲೆ ಮುಪ್ಪಾಗದ ಹೆಣ್ಣುಜೋಡಿಗಳು

ಅಮೆರಿಕಕ್ಕೆ ಬಂದ ಮೇಲೆ ರಾತ್ರಿಯ ಹೊತ್ತು ನನ್ನ ಸಂಗಾತಿಯೊಡನೆ ಕುಳಿತು ಮ್ಯೂಸಿಕ್ ವಿಡಿಯೊಗಳನ್ನು ನೋಡುವುದು ರೂಢಿಯಾಗಿದೆ. ಅವಳೂ ನನ್ನಂತೆ ಹೆಣ್ಣು. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳು ಇಂದಿನ ವಿಡಿಯೊಗಳಲ್ಲಿ ಅಪರೂಪವೇನಲ್ಲ. ಆದರೆ ಅವರನ್ನು ತೋರಿಸುತ್ತಿರುವವರು ಯಾರು, ಯಾರ ಕಣ್ಣಿಗಾಗಿ ತೋರಿಸುತ್ತಿದ್ದಾರೆ ಎಂಬ ಪ್ರಶ್ನೆ ನಮ್ಮಿಬ್ಬರನ್ನೂ ಬಿಡುವುದಿಲ್ಲ.

2002ರಲ್ಲಿ ರಷ್ಯಾದ ಟಾಟು ಜೋಡಿಯ ‘ಆಲ್ ದ ಥಿಂಗ್ಸ್ ಶಿ ಸೆಡ್’ ಜಗತ್ತನ್ನೆಲ್ಲ ಸುತ್ತಿತು. ಮಳೆ, ತಂತಿಬೇಲಿ, ಶಾಲಾ ಸಮವಸ್ತ್ರ, ಬೇಲಿಯಾಚೆ ನಿಂತು ದಿಟ್ಟಿಸುವ ಗುಂಪು. ಆ ಗಾಯಕಿಯರು ನಿಜಜೀವನದಲ್ಲಿ ಜೋಡಿಯಾಗಿರಲಿಲ್ಲ. ಆ ಚಿತ್ರವನ್ನು ಹೆಣೆದವರು ಅವರ ನಿರ್ಮಾಪಕ ಇವಾನ್ ಶಪೊವಲೊವ್. ಪ್ರೀತಿಯನ್ನು ಹೀಗೆ ಮಾರಾಟದ ಸರಕಾಗಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಹಾಗಿದ್ದೂ, ಬೇರೇನೂ ಸಿಗದಿದ್ದ ಆ ಕಾಲದಲ್ಲಿ ಅದರಲ್ಲೇ ತಮ್ಮ ಮುಖವನ್ನು ಹುಡುಕಿಕೊಂಡ ಹುಡುಗಿಯರಲ್ಲಿ ನಾನೂ ಒಬ್ಬಳೆಂಬುದನ್ನು ಮರೆಮಾಚಲಾರೆ.

ಹೇಲಿ ಕಿಯೊಕೊ ಅವರ ‘ಗರ್ಲ್ಸ್ ಲೈಕ್ ಗರ್ಲ್ಸ್’ ಬಂದದ್ದು 2015ರ ಜೂನ್‌ನಲ್ಲಿ, ಇಲ್ಲಿನ ಸುಪ್ರೀಂ ಕೋರ್ಟ್ ದೇಶದಾದ್ಯಂತ ಸಲಿಂಗ ವಿವಾಹವನ್ನು ಮಾನ್ಯ ಮಾಡಿದ ತಿಂಗಳಿನಲ್ಲೇ. ಸ್ವತಃ ಹೆಣ್ಣುಗಳನ್ನು ಪ್ರೀತಿಸುವ ಕಿಯೊಕೊ ಅದನ್ನು ಇನ್ನೊಬ್ಬರೊಡನೆ ಸೇರಿ ತಾವೇ ನಿರ್ದೇಶಿಸಿದರು. ಗೆಳತಿಯ ಪ್ರಿಯಕರನಿಂದ ಹೊಡೆತ ತಿಂದ ಹುಡುಗಿ ಮೇಲೆದ್ದು ತಿರುಗಿ ಹೊಡೆದು, ರಕ್ತಸಿಕ್ತ ಮುಖದಲ್ಲೇ ಗೆಳತಿಗೆ ಮುತ್ತಿಡುವ ಆ ದೃಶ್ಯವನ್ನು ಮೊದಲ ಬಾರಿ ನೋಡಿದಾಗ ನಾನು ಅತ್ತಿದ್ದೆ. ಇಂಥ ಕತೆಗಳಲ್ಲಿ ಇಬ್ಬರಲ್ಲೊಬ್ಬಳು ಸಾಯುವುದನ್ನೇ ನೋಡಿ ಅಭ್ಯಾಸವಾಗಿದ್ದ ನನಗೆ, ಇಬ್ಬರೂ ಉಳಿದದ್ದೇ ದೊಡ್ಡ ಸಂಗತಿಯಾಗಿತ್ತು.

ಆದರೂ ತೆಳ್ಳನೆಯ, ಬೆಳ್ಳನೆಯ ಹದಿಹರೆಯದವರೇ ಎಲ್ಲೆಡೆ ಕಾಣುತ್ತಿದ್ದರು. ಆ ಕೊರತೆಯನ್ನು ಕೊಂಚ ನೀಗಿಸಿದ್ದು 2018. ಜನೆಲ್ ಮೊನೇ ಅವರ ‘ಪಿಂಕ್’ ವಿಡಿಯೊದಲ್ಲಿ ಬೇರೆ ಬೇರೆ ಮೈಕಟ್ಟಿನ ಕಪ್ಪು ಹೆಣ್ಣುಗಳು ಮರುಭೂಮಿಯ ನಡುವೆ ಕುಣಿದರು. ನಿರ್ದೇಶಿಸಿದ ಎಮ್ಮಾ ವೆಸ್ಟನ್‌ಬರ್ಗ್ ಕೂಡ ಹೆಣ್ಣು. ಅದೇ ವರ್ಷ ಕಿಯೊಕೊ ಮತ್ತು ಕೆಲಾನಿ ‘ವಾಟ್ ಐ ನೀಡ್’ನಲ್ಲಿ ಒಟ್ಟಿಗೆ ಊರು ಬಿಟ್ಟು ಹೊರಟರು. ಕಂದು ಚರ್ಮದ ನಮ್ಮಂಥವರಿಗೆ ಇದೆಷ್ಟು ಮುಖ್ಯವೆಂಬುದನ್ನು ವಿವರಿಸಬೇಕಿಲ್ಲ.

ನನಗೆ ಇನ್ನೂ ಕಾಣದಿರುವುದು ವಯಸ್ಸು. 2012ರ ‘ಸೇಮ್ ಲವ್’ ಹಾಡಿನ ಪಲ್ಲವಿಯನ್ನು ಹಾಡಿದವರು ಲೆಸ್ಬಿಯನ್ ಆದ ಮೇರಿ ಲ್ಯಾಂಬರ್ಟ್, ಆದರೆ ಅದರ ವಿಡಿಯೊ ಹೇಳಿದ್ದು ಒಬ್ಬ ಗಂಡಸಿನ ಬದುಕನ್ನು: ಹುಟ್ಟಿನಿಂದ ಮದುವೆಯವರೆಗೆ, ಅಲ್ಲಿಂದ ಆಸ್ಪತ್ರೆಯ ಹಾಸಿಗೆಯ ಬಳಿ ಮುದಿ ಸಂಗಾತಿಗಳು ಕೈಹಿಡಿದು ಕೂರುವವರೆಗೆ. ಮರುವರ್ಷ ಲ್ಯಾಂಬರ್ಟ್ ಅದೇ ಪಲ್ಲವಿಯನ್ನು ಬೆಳೆಸಿ ‘ಶಿ ಕೀಪ್ಸ್ ಮಿ ವಾರ್ಮ್’ ಎಂಬ ಹೆಣ್ಣುಗಳ ಹಾಡನ್ನಾಗಿಸಿದರು. ಅಲ್ಲಿಯೂ ಪ್ರೀತಿ ಹೊಸತು, ಈಗಷ್ಟೇ ಚಿಗುರಿದ್ದು. ನಾವು ಬಹುಕಾಲದಿಂದ ಒಂದೇ ಮನೆಯಲ್ಲಿ ಬಾಳುತ್ತಿದ್ದೇವೆ, ಅವಳ ಕೂದಲು ನೆರೆಯತೊಡಗಿದೆ. ಆ ಹಾಸಿಗೆಯ ಬಳಿ ಇಬ್ಬರು ಮುದುಕಿಯರು ಕೂತಿರುವ ವಿಡಿಯೊವೊಂದನ್ನು ನಾವಿಬ್ಬರೂ ಇನ್ನೂ ಹುಡುಕುತ್ತಿದ್ದೇವೆ.